ನಲ್ಲಿಯ ಮೇಲ್ತುದಿಯ ಕಾವಲು

ನಗರಕ್ಕೆ ಕುಡಿಯುವ ನೀರು ಒದಗಿಸುವ ಬೆಟ್ಟದ ಜಲಾನಯನ ಪ್ರದೇಶವನ್ನು ಕಾಯುವ ರೇಂಜರ್‌ಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾನು ಬರೆದಿದ್ದ ಟಿಪ್ಪಣಿಗೆ ನಿರೀಕ್ಷೆಗಿಂತ ಹೆಚ್ಚು ಪತ್ರಗಳು ಬಂದಿವೆ. ಆ ಕೆಲಸದಲ್ಲಿ ಬಹುಕಾಲ ಇದ್ದು ನಿವೃತ್ತನಾದವನು ಎಂಬ ಕಾರಣಕ್ಕೆ ಉತ್ತರಿಸುವ ಹೊಣೆಯನ್ನೂ ಸಂಪಾದಕರು ನನಗೇ ಒಪ್ಪಿಸಿದ್ದಾರೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಿದ್ದೇನೆ. ಸಂಬಳ, ಬಡ್ತಿಗಳ ಪ್ರಶ್ನೆಗಳನ್ನು ಕೈಬಿಟ್ಟಿದ್ದೇನೆ, ಏಕೆಂದರೆ ಅವು ನೇಮಕ ಮಾಡಿಕೊಳ್ಳುವ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವ ಸಂಗತಿಗಳು.

ಪ್ರಶ್ನೆ: ಕಾಡು ಕಾಯುವ ರೇಂಜರ್‌ಗೂ ಜಲಾನಯನ ಕಾಯುವ ರೇಂಜರ್‌ಗೂ ಏನು ವ್ಯತ್ಯಾಸ? ಇಬ್ಬರೂ ತಿರುಗುವುದು ಅದೇ ಬೆಟ್ಟದಲ್ಲಲ್ಲವೇ?
— ಪ್ರೌಢಶಾಲಾ ಶಿಕ್ಷಕರೊಬ್ಬರು

ಉತ್ತರ: ಬೆಟ್ಟ ಅದೇ, ಅಲ್ಲಿ ಹುಡುಕುವುದು ಬೇರೆ. ಕಾಡಿನ ರೇಂಜರ್ ಒಂದು ಮರವನ್ನು ಮರವಾಗಿ ನೋಡುತ್ತಾರೆ. ನಾವು ಅದರ ಬುಡದಲ್ಲಿ ಮಣ್ಣು ಹಿಡಿದು ನಿಂತಿದೆಯೇ, ಕೊಚ್ಚಿಹೋಗುತ್ತಿದೆಯೇ ಎಂದು ನೋಡುತ್ತೇವೆ. ಬೆಟ್ಟದ ಏಣಿನ ಒಂದು ಮಗ್ಗುಲಲ್ಲಿ ಬಿದ್ದ ಹನಿ ನಗರದ ಜಲಾಶಯಕ್ಕೆ ಇಳಿಯುತ್ತದೆ, ಇನ್ನೊಂದು ಮಗ್ಗುಲಲ್ಲಿ ಬಿದ್ದದ್ದು ಬೇರೆ ಯಾವುದೋ ನದಿಗೆ ಸೇರುತ್ತದೆ. ನಮ್ಮ ಗಡಿ ನಿಂತಿರುವುದು ಆ ಏಣಿನ ಮೇಲೆ, ಆಡಳಿತದ ನಕ್ಷೆಯ ಗೆರೆಯ ಮೇಲಲ್ಲ. ಆದ್ದರಿಂದಲೇ ಈ ಕೆಲಸದಲ್ಲಿ ಅಧಿಕಾರದ ತೊಡಕು ಹೆಚ್ಚು: ನೀರು ಕುಡಿಯುವ ನಗರ ಒಂದು ಕಡೆ ಇದ್ದರೆ ನೀರು ಹುಟ್ಟುವ ನೆಲ ಇನ್ನೊಬ್ಬರದಾಗಿರುತ್ತದೆ.

ಈ ತೊಡಕನ್ನು ಒಂದೊಂದು ನಗರ ಒಂದೊಂದು ರೀತಿಯಲ್ಲಿ ಬಿಡಿಸಿಕೊಂಡಿದೆ. ಕೆನಡಾದ ವ್ಯಾಂಕೂವರ್ ಪ್ರದೇಶದ ನೀರು ಸರಬರಾಜು ಮಂಡಳಿಯು 1927ರಲ್ಲಿ ಕ್ಯಾಪಿಲಾನೊ ಮತ್ತು ಸೀಮೋರ್ ಕಣಿವೆಗಳ ಸರ್ಕಾರಿ ಭೂಮಿಯನ್ನು 999 ವರ್ಷಗಳ ಗುತ್ತಿಗೆಗೆ ಪಡೆಯಿತು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರಕ್ಕೆ ನೀರು ಕೊಡುವ ಬುಲ್ ರನ್ ಕಣಿವೆಯನ್ನು 1892ರಲ್ಲೇ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಮೀಸಲು ಅರಣ್ಯವೆಂದು ಘೋಷಿಸಿದರು, 1904ರ ಕಾನೂನು ಅಲ್ಲಿಗೆ ಹೊರಗಿನವರ ಪ್ರವೇಶವನ್ನೇ ನಿಷೇಧಿಸಿತು. ಸಾಲ್ಟ್ ಲೇಕ್ ಸಿಟಿಯಂಥ ನಗರಕ್ಕೆ ತನ್ನ ಎಲ್ಲೆಯ ಹೊರಗಿರುವ ಬೆಟ್ಟದ ಕಣಿವೆಗಳಲ್ಲೂ ನೀರಿನ ರಕ್ಷಣೆಗಾಗಿ ನಿಯಮ ವಿಧಿಸುವ ಅಧಿಕಾರವಿದೆ. ಅಲ್ಲಿನ ಕೆಲವು ಕಣಿವೆಗಳಿಗೆ ಸಾಕುನಾಯಿಯನ್ನು ಕರೆದೊಯ್ಯುವಂತೆಯೇ ಇಲ್ಲ. ನ್ಯೂಯಾರ್ಕ್ ನಗರವಂತೂ ಸುಮಾರು 200 ಕಿಲೋಮೀಟರ್‌ವರೆಗಿನ ದೂರದ ಬೆಟ್ಟಗಳ ಜಲಾಶಯಗಳಿಗಾಗಿ ತನ್ನದೇ ಪೊಲೀಸ್ ಪಡೆಯನ್ನು ಇಟ್ಟುಕೊಂಡಿದೆ. ಸಮವಸ್ತ್ರ ಯಾವುದೇ ಇರಲಿ, ಕೆಲಸದ ತಿರುಳು ಒಂದೇ.

ಪ್ರಶ್ನೆ: ದಿನವಿಡೀ ನೀವು ಮಾಡುತ್ತಿದ್ದುದಾದರೂ ಏನು? ಕಳ್ಳರನ್ನು ಹಿಡಿಯುವುದೇ?
— ಬ್ಯಾಂಕ್ ಉದ್ಯೋಗಿ

ಉತ್ತರ: ಹೆಚ್ಚಿನ ದಿನ ಹಿಡಿಯುತ್ತಿದ್ದುದು ಸಲಿಕೆಯನ್ನು. ಓದುಗರು ಇದನ್ನು ತಮಾಷೆಯೆಂದು ತೆಗೆದುಕೊಳ್ಳಬಾರದು.

ಬೆಳಗಿನ ಮೊದಲ ಕೆಲಸ ಮಳೆಮಾಪಕವನ್ನು ನೋಡಿ ರಾತ್ರಿ ಎಷ್ಟು ಮಿಲಿಮೀಟರ್ ಬಿದ್ದಿದೆಯೆಂದು ಬರೆದುಕೊಳ್ಳುವುದು, ಅನಂತರ ಗೇಟುಗಳ ಬೀಗ ನೋಡುವುದು. ಬೀಗ ಮುರಿದಿದ್ದರೆ ಅದು ಗೊತ್ತಾಗುವ ತೊಂದರೆ. ಬೀಗ ಸರಿಯಿದ್ದು ಪಕ್ಕದ ಪೊದೆಯಲ್ಲಿ ಹೊಸ ಕಾಲುದಾರಿ ಮೂಡಿದ್ದರೆ ಅದು ಗೊತ್ತಾಗದ ತೊಂದರೆ, ಅದನ್ನು ಕಾಣಲು ಅಭ್ಯಾಸ ಬೇಕು. ಬಳಿಕ ತೊರೆಗಳ ಸರದಿ. ಪ್ರತಿ ತೊರೆಗೂ ಅದರದೇ ಬಣ್ಣ, ಅದರದೇ ಸದ್ದು ಇರುತ್ತದೆ. ಅದು ಬದಲಾದರೆ ಕೈಯಲ್ಲಿರುವ ಯಂತ್ರ ಹೇಳುವ ಮೊದಲೇ ಕಿವಿಗೆ ತಿಳಿಯುತ್ತದೆ, ಆದರೆ ಕಚೇರಿಗೆ ಯಂತ್ರದ ಅಂಕಿಯೇ ಬೇಕಾದ್ದರಿಂದ ಮಾದರಿ ತೆಗೆದು ಬಗ್ಗಡದ ಪ್ರಮಾಣವನ್ನು ಅಳೆಯುತ್ತೇವೆ. ಮಳೆಯಿಲ್ಲದ ದಿನ ಸಣ್ಣ ತೊರೆಯೊಂದು ಕೆಂಪಾಗಿ ಹರಿದರೆ ಮೇಲೆಲ್ಲೋ ಯಾರೋ ನೆಲ ಅಗೆದಿದ್ದಾರೆ, ಇಲ್ಲವೇ ದಂಡೆ ಜರಿದಿದೆ ಎಂದು ಅರ್ಥ. ಆಗ ತೊರೆಯ ಗುಂಟ ಮೇಲಕ್ಕೆ ನಡೆಯುವುದಲ್ಲದೆ ಬೇರೆ ದಾರಿಯಿಲ್ಲ. ಎರಡು ತೊರೆ ಕೂಡುವಲ್ಲಿ ಎರಡನ್ನೂ ನೋಡಿ, ಬಗ್ಗಡವಾಗಿರುವುದನ್ನು ಆರಿಸಿಕೊಂಡು, ಮತ್ತೆ ಮೇಲೆ.

ಇನ್ನು ಸಲಿಕೆಯ ವಿಷಯ. ಬೆಟ್ಟದ ನೀರಿಗೆ ಮಣ್ಣು ಸೇರುವುದು ಹೆಚ್ಚಾಗಿ ಕಾಡಿನ ನೆಲದಿಂದಲ್ಲ, ಕಾಡಿನೊಳಗೆ ನಾವೇ ಮಾಡಿದ ಕಚ್ಚಾ ರಸ್ತೆಯಿಂದ. ತರಗೆಲೆಯ ಹೊದಿಕೆಯಿರುವ ನೆಲ ಮಳೆಯನ್ನು ಹೀರಿಕೊಳ್ಳುತ್ತದೆ. ಚಕ್ರದ ಭಾರಕ್ಕೆ ಗಟ್ಟಿಯಾದ ರಸ್ತೆ ಅದನ್ನು ಕಾಲುವೆಯಂತೆ ಒಯ್ಯುತ್ತದೆ. ರಸ್ತೆಯಡಿಯ ಮೋರಿಗೆ ಒಂದು ಕೊಂಬೆ ಅಡ್ಡ ಸಿಕ್ಕಿದರೆ ಅದಕ್ಕೆ ಎಲೆ ಕೂಡಿ, ಎಲೆಗೆ ಮರಳು ಕೂಡಿ, ಮೋರಿ ಕಟ್ಟಿಕೊಂಡು ನೀರು ರಸ್ತೆಯ ಮೇಲೆ ಹತ್ತುತ್ತದೆ. ಅಲ್ಲಿಂದ ಕೆಳಗಿನ ಇಳಿಜಾರನ್ನು ಕೊರೆಯಲು ಅದಕ್ಕೆ ಒಂದು ರಾತ್ರಿ ಸಾಕು.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ಅರ್ಧ ಕಟ್ಟಿಕೊಂಡಿದ್ದ ಮೋರಿಯನ್ನು ನೋಡಿಯೂ, ಕತ್ತಲಾಯಿತು, ನಾಳೆ ಬಿಡಿಸಿದರಾಯಿತು ಎಂದು ಬಂದುಬಿಟ್ಟೆ. ಆ ರಾತ್ರಿ ಜೋರು ಮಳೆ ಹೊಡೆಯಿತು. ಬೆಳಗ್ಗೆ ಹೋದಾಗ ಮೋರಿಯೂ ಇರಲಿಲ್ಲ, ಅದರ ಮೇಲಿನ ರಸ್ತೆಯೂ ಇರಲಿಲ್ಲ. ಇಳಿಜಾರಿನ ಉದ್ದಕ್ಕೂ ಆಳಾಳದ ಹೊಸ ಕೊರಕಲೊಂದು ತೊರೆಯವರೆಗೆ ಇಳಿದಿತ್ತು. ಜಲಾಶಯದ ಆ ಮೂಲೆ ಕಂದುಬಣ್ಣಕ್ಕೆ ತಿರುಗಿ, ನೀರೆತ್ತುವ ಜಾಗವನ್ನು ಕೆಲವು ದಿನ ಬದಲಿಸಬೇಕಾಯಿತು. ಹಿರಿಯ ರೇಂಜರ್ ಬೈಯಲಿಲ್ಲ. ಕೊರಕಲನ್ನು ಮುಚ್ಚಿ ಗಿಡ ನೆಡುವ ಕೆಲಸವನ್ನು ಪೂರ್ತಿಯಾಗಿ ನನಗೆ ವಹಿಸಿದರು, ಅದು ಮೂರು ಮಳೆಗಾಲ ಹಿಡಿಯಿತು. ಅಲ್ಲಿಂದ ಮುಂದೆ ಕತ್ತಲಾಯಿತೆಂದು ಯಾವ ಮೋರಿಯನ್ನೂ ಬಿಟ್ಟು ಬಂದವನಲ್ಲ.

ಮಧ್ಯಾಹ್ನದ ಬಳಿಕ ಜನ. ರಜಾದಿನವಾದರೆ ಬೆಳಗ್ಗೆಯಿಂದಲೇ ಜನ. ದಿನದ ಕೊನೆಗೆ ದಿನಚರಿ: ಎಲ್ಲಿ, ಎಷ್ಟು ಹೊತ್ತಿಗೆ, ಏನು ಕಂಡೆ. ‘ಏನೂ ವಿಶೇಷವಿಲ್ಲ’ ಎಂದು ಬರೆಯುವುದನ್ನು ನಮ್ಮಲ್ಲಿ ಒಪ್ಪುತ್ತಿರಲಿಲ್ಲ. ಯಾವ ಜಾಗವನ್ನು ನೋಡಿದ ಮೇಲೆ ಏನೂ ವಿಶೇಷ ಕಾಣಲಿಲ್ಲ ಎಂದು ಬರೆಯಬೇಕಿತ್ತು.

ಪ್ರಶ್ನೆ: ನೀರಿಗೆ ಕ್ಲೋರಿನ್ ಹಾಕಿಯೇ ನಗರಕ್ಕೆ ಬಿಡುತ್ತಾರಲ್ಲವೇ? ಅಷ್ಟು ದೊಡ್ಡ ಜಲಾಶಯದಲ್ಲಿ ಒಬ್ಬರು ಕಾಲು ತೊಳೆದರೆ, ಈಜಿದರೆ ಏನು ಮುಳುಗಿಹೋಗುತ್ತದೆ?
— ಚಾರಣಪ್ರಿಯ ಯುವಕ

ಉತ್ತರ: ಈ ಪ್ರಶ್ನೆಯನ್ನು ಜಲಾಶಯದ ದಂಡೆಯಲ್ಲಿ ನಿಂತು ಲೆಕ್ಕವಿಲ್ಲದಷ್ಟು ಬಾರಿ ಕೇಳಿಸಿಕೊಂಡಿದ್ದೇನೆ. ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ, ಮೊದಲು ಅದನ್ನೇ ಒಪ್ಪಿಕೊಳ್ಳುತ್ತೇನೆ. 2011ರಲ್ಲಿ ಪೋರ್ಟ್‌ಲ್ಯಾಂಡ್ ನಗರದೊಳಗಿನ ತೆರೆದ ಜಲಾಗಾರವೊಂದಕ್ಕೆ ಯುವಕನೊಬ್ಬ ಮೂತ್ರ ಮಾಡಿದ್ದು ಕ್ಯಾಮೆರಾದಲ್ಲಿ ಕಂಡಾಗ ಸುಮಾರು 3 ಕೋಟಿ ಲೀಟರ್ ನೀರನ್ನು ಹೊರಚೆಲ್ಲಲಾಯಿತು. ಅದು ರೋಗದ ಭಯಕ್ಕಿಂತ ಹೇಸಿಗೆಯ ಕಾರಣಕ್ಕೆ ತೆಗೆದುಕೊಂಡ ತೀರ್ಮಾನ ಎಂಬುದು ನನ್ನ ಅನಿಸಿಕೆ. ಅಷ್ಟು ನೀರಿನಲ್ಲಿ ಅಷ್ಟು ಮೂತ್ರದಿಂದ ಯಾರಿಗೂ ಕಾಯಿಲೆ ಬರುವ ಸಂಭವ ತೀರಾ ಕಡಿಮೆ.

ನಿಜವಾದ ಭಯ ಮಲದ್ದು. ಕ್ರಿಪ್ಟೊಸ್ಪೊರಿಡಿಯಮ್ ಎಂಬ ಸೂಕ್ಷ್ಮ ಪರಾವಲಂಬಿ ಜೀವಿ ಹೊರಗಿನ ಪರಿಸರದಲ್ಲಿ ಗಟ್ಟಿ ಚಿಪ್ಪಿನೊಳಗೆ ಸೇರಿಕೊಂಡಿರುತ್ತದೆ. ಅದರ ಗಾತ್ರ 4ರಿಂದ 6 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು ಇನ್ನೂರು ಸಾಲಾಗಿ ನಿಲ್ಲಬಹುದು. ಕುಡಿಯುವ ನೀರಿಗೆ ಹಾಕುವ ಪ್ರಮಾಣದ ಕ್ಲೋರಿನ್‌ಗೆ ಆ ಚಿಪ್ಪು ಜಗ್ಗುವುದಿಲ್ಲ, ಅಂಥ ಹತ್ತೇ ಹತ್ತು ಕಣಗಳು ಹೊಟ್ಟೆಗೆ ಹೋದರೂ ಭೇದಿ ಹತ್ತಬಹುದು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಇದೇ ಜೀವಿ ನಲ್ಲಿ ನೀರಿನ ಮೂಲಕ ಸುಮಾರು 4 ಲಕ್ಷ ಜನರನ್ನು ಹಾಸಿಗೆ ಹಿಡಿಸಿತೆಂದು ಅಂದಾಜಿಸಲಾಗಿದೆ. ಆ ನಗರದ ನೀರು ಬೆಟ್ಟದ್ದಲ್ಲ, ಸರೋವರದ್ದು. ಅಲ್ಲಿ ನೀರನ್ನು ಸೋಸುವ ಶೋಧಕ ಘಟಕವೂ ಇತ್ತು. ಘಟಕವಿದ್ದೂ ಹಾಗಾಯಿತೆಂಬುದನ್ನು ಗಮನಿಸಬೇಕು. ಏಕೆಂದರೆ ಬೆಟ್ಟದಿಂದ ನೀರು ತರುವ ಎಷ್ಟೋ ನಗರಗಳು ಶೋಧಕ ಘಟಕವಿಲ್ಲದೆಯೇ ನೀರನ್ನು ಸೋಂಕುಮುಕ್ತಗೊಳಿಸಿ ಬಿಡುತ್ತವೆ. ಕಾಡೇ ಅವರ ಮೊದಲ ಶೋಧಕ.

ಇಲ್ಲಿ ಮಣ್ಣಿನ ಪಾತ್ರವೂ ಇದೆ. ನೀರು ಬಗ್ಗಡವಾದಷ್ಟೂ ರೋಗಾಣುಗಳಿಗೆ ಮಣ್ಣಿನ ಕಣಗಳ ಮರೆ ಸಿಗುತ್ತದೆ. ಕ್ಲೋರಿನ್ ಆಗಲಿ ಅತಿನೇರಳೆ ಕಿರಣವಾಗಲಿ ಅವನ್ನು ಸರಿಯಾಗಿ ತಲುಪುವುದಿಲ್ಲ. ಅಮೆರಿಕದಲ್ಲಿ ಶೋಧಿಸದ ನೀರಿಗೆ ಬಗ್ಗಡದ ಮಿತಿ 5 ಎನ್‌ಟಿಯು (ಬಗ್ಗಡವನ್ನು ಅಳೆಯುವ ಮಾನ) ಎಂದು ನಿಗದಿಯಾಗಿರುವುದು ಈ ಕಾರಣಕ್ಕೆ. 2006ರ ನವೆಂಬರ್‌ನಲ್ಲಿ ವ್ಯಾಂಕೂವರ್‌ನ ಬೆಟ್ಟಗಳಲ್ಲಿ ಬಿರುಮಳೆಗೆ ಮಣ್ಣು ಜರಿದು ಜಲಾಶಯಗಳು ಕಂದಿದಾಗ ಸುಮಾರು 20 ಲಕ್ಷ ಜನರಿಗೆ ನೀರನ್ನು ಕುದಿಸಿ ಕುಡಿಯುವಂತೆ ಸೂಚಿಸಲಾಯಿತು. ಅಲ್ಲಿ ಯಾವ ಮನುಷ್ಯನ ತಪ್ಪೂ ಇರಲಿಲ್ಲ, ಬರೀ ಮಳೆ ಮತ್ತು ಇಳಿಜಾರು.

ಈಗ ನಿಮ್ಮ ಕಾಲಿನ ವಿಷಯ. ನೀವೊಬ್ಬರೇ ಕಾಲು ತೊಳೆದರೆ ನಗರಕ್ಕೆ ಏನೂ ಆಗದು. ಆದರೆ ಒಬ್ಬರು ಇಳಿದ ದಂಡೆಯಲ್ಲಿ ಮುಂದಿನ ವಾರ ಹತ್ತು ಜನ ಇಳಿಯುತ್ತಾರೆ, ಹುಲ್ಲು ಸವೆದು ದಂಡೆ ಬೋಳಾಗುತ್ತದೆ, ಇಡೀ ದಿನ ಅಲ್ಲಿ ಕಳೆಯುವವರಿಗೆ ಮಲವಿಸರ್ಜನೆಗೆ ಜಾಗ ಬೇಕಾಗುತ್ತದೆ, ಆ ಜಾಗ ನೀರಿಗೆ ಹತ್ತಿರವೇ ಇರುತ್ತದೆ. ಕಾಲುದಾರಿಗಳಿಗೆ ಪ್ರವೇಶವಿರುವ ಕಡೆಗಳಲ್ಲಿ ನಾವು ಹೇಳುತ್ತಿದ್ದ ನಿಯಮ ಸರಳ: ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಮುಚ್ಚಿ ಬನ್ನಿ. ನಾಚಿಕೆಯಿಂದ ಯಾರೂ ಕೇಳದ ಈ ಮಾತನ್ನು ನಾವೇ ಮುಂದಾಗಿ ಹೇಳಬೇಕಾಗುತ್ತಿತ್ತು. ಹೇಳಿ ಹೇಳಿ ನನಗಂತೂ ಆ ನಾಚಿಕೆ ಪೂರ್ತಿ ಹೋಗಿದೆ.

ಪ್ರಶ್ನೆ: ಕಾಡುಪ್ರಾಣಿಗಳೂ ಅದೇ ನೀರಿನ ದಂಡೆಯಲ್ಲಿ ಮಲ ಹಾಕುತ್ತವೆ. ಅವಕ್ಕೆ ದಂಡವಿಲ್ಲ, ಮನುಷ್ಯನಿಗೆ ಮಾತ್ರ ಏಕೆ?
— ನಿವೃತ್ತ ಅಂಚೆ ನೌಕರರು

ಉತ್ತರ: ಪ್ರಾಣಿಗಳಿಂದ ತೊಂದರೆಯೇ ಇಲ್ಲ ಎಂದು ನಾನು ಹೇಳಲಾರೆ. ಜಿಯಾರ್ಡಿಯಾ ಎಂಬ ಇನ್ನೊಂದು ಪರಾವಲಂಬಿಯನ್ನು ತೊರೆಗಳಲ್ಲಿ ವಾಸಿಸುವ ಬೀವರ್ ಎಂಬ ಪ್ರಾಣಿಗಳು ಹರಡಬಲ್ಲವು, ಜಲಾಶಯದ ಮೇಲೆ ರಾತ್ರಿ ಕಳೆಯಲು ಇಳಿಯುವ ಹಕ್ಕಿಗಳ ಹಿಂಡಿನಿಂದ ಮಲಮೂಲದ ಬ್ಯಾಕ್ಟೀರಿಯಾಗಳ ಸಂಖ್ಯೆ ಏರುತ್ತದೆ. ನ್ಯೂಯಾರ್ಕ್‌ಗೆ ನೀರು ಹೋಗುವ ದಾರಿಯಲ್ಲಿ ನಗರಕ್ಕೆ ಹತ್ತಿರವಿರುವ ಕೆನ್ಸಿಕೊ ಜಲಾಶಯದಲ್ಲಿ ಕಡಲಹಕ್ಕಿಗಳನ್ನೂ ಹೆಬ್ಬಾತುಗಳನ್ನೂ ದೋಣಿಯಲ್ಲಿ ಹೋಗಿ, ಸದ್ದು ಮಾಡಿ ಎಬ್ಬಿಸಿ ಕಳುಹಿಸುವುದೇ ಒಂದು ನಿತ್ಯದ ಕೆಲಸ. ಆದ್ದರಿಂದ ಅವಕ್ಕೆ ದಂಡವಿಲ್ಲದಿದ್ದರೂ ನೆಮ್ಮದಿಯೂ ಇಲ್ಲ.

ಆದರೂ ಮನುಷ್ಯನನ್ನು ಬೇರೆಯಾಗಿ ನೋಡಲು ಕಾರಣವಿದೆ. ರೋಗಾಣುಗಳಲ್ಲಿ ಹಲವು ತಮ್ಮ ಆಶ್ರಯಜೀವಿಯನ್ನು ಆರಿಸಿಕೊಂಡಿರುತ್ತವೆ. ಕಾಡಿನ ಜೀವಿಗಳಲ್ಲಿರುವ ಕ್ರಿಪ್ಟೊಸ್ಪೊರಿಡಿಯಮ್‌ನ ಅನೇಕ ಬಗೆಗಳು ಮನುಷ್ಯರಲ್ಲಿ ಅಪರೂಪಕ್ಕೆ ಮಾತ್ರ ಕಾಯಿಲೆ ತರುತ್ತವೆ, ಮನುಷ್ಯನ ಹೊಟ್ಟೆಯಿಂದ ಬಂದದ್ದು ಮನುಷ್ಯನ ಹೊಟ್ಟೆಗೆ ನೇರವಾಗಿ ಹೊಂದುತ್ತದೆ. ವೈರಸ್‌ಗಳ ಮಟ್ಟಿಗೆ ಈ ಮಾತು ಇನ್ನೂ ಹೆಚ್ಚು ನಿಜ. ಮನುಷ್ಯನನ್ನು ಬಿಟ್ಟರೆ ನಾವು ಹೆಚ್ಚು ಅಂಜುವುದು ಎಳೆಗರುಗಳಿಗೆ: ಸೋಂಕು ತಗುಲಿದ ಒಂದು ಕರು ದಿನವೊಂದಕ್ಕೆ ಕೋಟಿಗಟ್ಟಲೆ ಚಿಪ್ಪುಕಣಗಳನ್ನು ಹೊರಹಾಕಬಲ್ಲದು, ಆ ಬಗೆ ಮನುಷ್ಯರಿಗೂ ತಗಲುತ್ತದೆ. ಹಾಗಾಗಿ ದನಗಳು ತೊರೆಗೆ ಇಳಿಯದಂತೆ ಬೇಲಿ ಹಾಕಿ, ದೂರದಲ್ಲಿ ಕುಡಿಯುವ ತೊಟ್ಟಿ ಕಟ್ಟಿಸಿಕೊಡುವುದು ಹತ್ತು ಫಲಕ ನೆಡುವುದಕ್ಕಿಂತ ಉಪಯುಕ್ತ.

ಪ್ರಶ್ನೆ: ಬೆಟ್ಟ ಎಲ್ಲರದು. ಅದಕ್ಕೆ ಬೀಗ ಹಾಕಲು ನೀವು ಯಾರು? ಬಾಗಿಲು ಮುಚ್ಚದೆಯೂ ನೀರನ್ನು ಕಾಯಲಾಗದೇ?
— ಪರ್ವತಾರೋಹಣ ಸಂಘವೊಂದರ ಸದಸ್ಯರು

ಉತ್ತರ: ನಿಮ್ಮ ಕೋಪ ಅರ್ಥವಾಗುತ್ತದೆ, ಏಕೆಂದರೆ ಆ ಬೀಗದ ಕೀಲಿ ನನ್ನ ಸೊಂಟದಲ್ಲಿತ್ತು, ನಾನು ಕಂಡ ಸೂರ್ಯೋದಯಗಳನ್ನು ನೀವು ಕಾಣಲಾಗಲಿಲ್ಲ ಎಂಬುದು ನನಗೂ ಗೊತ್ತು.

ಜಗತ್ತಿನಲ್ಲಿ ಎರಡು ಮಾದರಿಗಳೂ ಇವೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರ ಸುಮಾರು 1.57 ಲಕ್ಷ ಹೆಕ್ಟೇರ್ ಬೆಟ್ಟಗಾಡನ್ನು ನೀರಿಗಾಗಿಯೇ ಕಾಪಾಡಿಕೊಂಡು ಬಂದಿದೆ, ಅದರ ಬಹುಭಾಗಕ್ಕೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಸಿಯಾಟಲ್‌ಗೆ ನೀರು ಕೊಡುವ ಸೀಡರ್ ನದಿಯ ಸುಮಾರು 36 ಸಾವಿರ ಹೆಕ್ಟೇರ್ ಪ್ರದೇಶವೂ ಹಾಗೆಯೇ. ಮಾರ್ಗದರ್ಶಕರ ಜೊತೆಗಲ್ಲದೆ ಒಳಗೆ ಹೋಗುವಂತಿಲ್ಲ. ಇನ್ನೊಂದು ಕಡೆ ಸಾಲ್ಟ್ ಲೇಕ್ ಸಿಟಿಯ ಕಣಿವೆಗಳಲ್ಲಿ ಸ್ಕೀಯಿಂಗ್ ಮಾಡುವವರೂ ಚಾರಣಿಗರೂ ಲಕ್ಷಗಟ್ಟಲೆ ಬರುತ್ತಾರೆ. ಆದರೆ ಅಲ್ಲಿ ನೀರಿಗಿಳಿಯುವಂತಿಲ್ಲ, ಮತ್ತು ಆ ನೀರನ್ನು ಘಟಕದಲ್ಲಿ ಪೂರ್ತಿಯಾಗಿ ಶುದ್ಧೀಕರಿಸಲಾಗುತ್ತದೆ. ಬಾಗಿಲು ತೆರೆದಷ್ಟೂ ಘಟಕದ ಮೇಲಿನ ಭಾರ ಹೆಚ್ಚುತ್ತದೆ ಎಂಬುದು ಲೆಕ್ಕ.

ನನ್ನ ಅಭಿಪ್ರಾಯ ಕೇಳಿದರೆ, ನೀರೆತ್ತುವ ಸ್ಥಳದ ಸುತ್ತಲೂ ಕಡಿದಾದ ಇಳಿಜಾರುಗಳಲ್ಲೂ ಬೀಗವಿರಲಿ, ದೂರದ ಏಣುಗಳ ಮೇಲೆ ಕಾಲುದಾರಿಗಳಿರಲಿ. ತನ್ನ ನೀರು ಹುಟ್ಟುವ ಜಾಗವನ್ನು ಒಮ್ಮೆಯೂ ನೋಡದ ನಗರಕ್ಕೆ ಅದನ್ನು ಉಳಿಸಿಕೊಳ್ಳುವ ಹಟ ಎಲ್ಲಿಂದ ಬರಬೇಕು? ಬೀಗ ಹಾಕಿದ ಮಾತ್ರಕ್ಕೆ ಕಾಡು ಉಳಿಯುತ್ತದೆಂಬ ಖಾತರಿಯೂ ಇಲ್ಲ. ಬುಲ್ ರನ್ ಕಣಿವೆಯಲ್ಲಿ ನಡಿಗೆಯವರಿಗೆ ಬಾಗಿಲು ಮುಚ್ಚಿದ್ದ ದಶಕಗಳಲ್ಲೇ ಮರ ಕಡಿಯುವ ಲಾರಿಗಳು ಒಳಗೆ ಓಡಾಡಿದವು. ನಗರದ ಜನ ನ್ಯಾಯಾಲಯಕ್ಕೆ ಹೋದರು, ಹೋರಾಡಿದರು, 1996ರ ಕಾನೂನು ಬಂದ ಮೇಲೆಯೇ ಅದು ಬಹುಮಟ್ಟಿಗೆ ನಿಂತದ್ದು.

ಪ್ರಶ್ನೆ: ಜಲಾನಯನದೊಳಗೇ ಬದುಕುವ ಹಳ್ಳಿಯವರ ಗತಿಯೇನು? ನಗರದ ಬಾಯಾರಿಕೆಗೆ ಅವರೇಕೆ ತೆರಬೇಕು?
— ಕೃಷಿಕ ಮಹಿಳೆ

ಉತ್ತರ: ಇದು ಬಂದ ಪತ್ರಗಳಲ್ಲೆಲ್ಲ ತೂಕದ ಪ್ರಶ್ನೆ. ರೇಂಜರ್ ಆದವನಿಗೆ ಇದರ ಉತ್ತರ ಗೊತ್ತಿಲ್ಲದಿದ್ದರೆ ಅವನು ಆ ಹಳ್ಳಿಗಳಲ್ಲಿ ಒಂದು ಲೋಟ ನೀರನ್ನೂ ಕೇಳಿ ಕುಡಿಯಲಾರ.

ನ್ಯೂಯಾರ್ಕ್‌ನ ಕತೆಯನ್ನೇ ನೋಡಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿ ಅಶೋಕನ್ ಜಲಾಶಯವನ್ನು ಕಟ್ಟುವಾಗ ಸುಮಾರು 2,000 ಜನ ಮನೆ ಬಿಡಬೇಕಾಯಿತು, ಹಳ್ಳಿಗಳು ಮುಳುಗಿದವು, ಸ್ಮಶಾನಗಳನ್ನೂ ಅಗೆದು ಸ್ಥಳಾಂತರಿಸಲಾಯಿತು. ಆ ನೋವು ಮೊಮ್ಮಕ್ಕಳ ಕಾಲಕ್ಕೂ ಆರಿರಲಿಲ್ಲ. 1990ರ ದಶಕದಲ್ಲಿ ಕೇಂದ್ರದ ಹೊಸ ನಿಯಮಗಳ ಪ್ರಕಾರ ಬೃಹತ್ ಶೋಧಕ ಘಟಕ ಕಟ್ಟಬೇಕೆಂಬ ಒತ್ತಡ ಬಂದಾಗ, ಅದಕ್ಕೆ 600ರಿಂದ 800 ಕೋಟಿ ಡಾಲರ್ ತಗಲುವ ಅಂದಾಜು ಕೇಳಿ ನಗರ ಬೆಟ್ಟದ ಕಡೆಗೆ ಮತ್ತೆ ತಿರುಗಿತು. ಈ ಬಾರಿ ಆಜ್ಞೆ ನಡೆಯಲಿಲ್ಲ. ಹಳ್ಳಿಗಳು ಸಂಘಟಿತವಾಗಿ ನಿಂತವು. ದೀರ್ಘ ಮಾತುಕತೆಯ ನಂತರ 1997ರಲ್ಲಿ ಒಪ್ಪಂದವಾಯಿತು. ಮಾರಲು ಒಪ್ಪಿದವರಿಂದ ಮಾತ್ರ ಭೂಮಿ ಕೊಳ್ಳುವುದು, ಹೊಲಮನೆಗಳ ಗೊಬ್ಬರದ ನಿರ್ವಹಣೆಗೂ ತೊರೆಬದಿಯ ಬೇಲಿಗೂ ಮನೆಗಳ ಸೆಪ್ಟಿಕ್ ಟ್ಯಾಂಕ್‌ಗಳ ದುರಸ್ತಿಗೂ ನಗರ ಹಣ ಕೊಡುವುದು ಎಂದು ತೀರ್ಮಾನವಾಯಿತು. 90 ಲಕ್ಷಕ್ಕೂ ಹೆಚ್ಚು ಜನ ಕುಡಿಯುವ ಆ ವ್ಯವಸ್ಥೆಯ ನೀರಿನ ಬಹುಪಾಲು ಇಂದಿಗೂ ಶೋಧಕ ಘಟಕವಿಲ್ಲದೆ ಹರಿಯುತ್ತಿದೆ. ಈಕ್ವೆಡಾರ್‌ನ ಕ್ವಿಟೊ ನಗರದಲ್ಲಿ 2000ದಲ್ಲಿ ಸ್ಥಾಪನೆಯಾದ ನೀರಿನ ನಿಧಿಯೂ ಇದೇ ಜಾಡಿನದು. ಆ ನಿಧಿಯಿಂದ ಎತ್ತರದ ಹುಲ್ಲುಗಾವಲುಗಳಿಗೆ ಕಾವಲುಗಾರರನ್ನು ನೇಮಿಸಲಾಗುತ್ತದೆ.

ಇಷ್ಟರಿಂದ ಎಲ್ಲ ಸರಿಹೋಯಿತೆಂದು ಹೇಳುತ್ತಿಲ್ಲ, ತಾಯಿ. ಮುಳುಗಿದ ಊರಿಗೆ ಬೆಲೆ ಕಟ್ಟಲಾಗುವುದಿಲ್ಲ. ಆದರೆ ನೀರನ್ನು ಶುದ್ಧವಾಗಿ ಕಳುಹಿಸುವುದು ಒಂದು ದುಡಿಮೆ, ಅದಕ್ಕೆ ಕೂಲಿ ಸಲ್ಲಬೇಕು ಎಂಬುದನ್ನು ಆ ಒಪ್ಪಂದ ಒಪ್ಪಿಕೊಂಡಿತು.

ಪ್ರಶ್ನೆ: ಕಾಳ್ಗಿಚ್ಚಿಗೂ ಕುಡಿಯುವ ನೀರಿಗೂ ಏನು ಸಂಬಂಧ? ಬೆಂಕಿ ಆರಿದ ಮೇಲೆ ಕಾಡು ಮತ್ತೆ ಚಿಗುರುತ್ತದಲ್ಲ?
— ಪದವಿ ವಿದ್ಯಾರ್ಥಿ

ಉತ್ತರ: ನಮ್ಮ ಕೆಲಸದಲ್ಲಿ ಬೆಂಕಿಯ ನಿಜವಾದ ಹೊಡೆತ ಬೆಂಕಿ ಆರಿದ ಮೇಲೆ ಶುರುವಾಗುತ್ತದೆ. ಬೇರುಗಳೂ ತರಗೆಲೆಯೂ ಸುಟ್ಟುಹೋದ ನೆಲಕ್ಕೆ ಮಣ್ಣನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಅದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯಿದೆ: ತರಗೆಲೆಯಲ್ಲಿರುವ ಮೇಣದಂಥ ವಸ್ತುಗಳು ಬಿಸಿಗೆ ಆವಿಯಾಗಿ ಮಣ್ಣಿನೊಳಕ್ಕಿಳಿದು, ತಣ್ಣಗಾದಾಗ ಮಣ್ಣಿನ ಕಣಗಳಿಗೆ ಅಂಟಿಕೊಂಡು, ನೀರನ್ನು ಹಿಮ್ಮೆಟ್ಟಿಸುವ ಪದರವೊಂದನ್ನು ಮಾಡುತ್ತವೆ. ಅಂಥ ನೆಲದ ಮೇಲೆ ನೀರು ಸುರಿದರೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳಿಹೋಗುತ್ತದೆ. ಹೊಸಬರಿಗೆ ಇದನ್ನು ತೋರಿಸಲು ನಾನು ಬಾಟಲಿಯ ನೀರನ್ನು ಸುಟ್ಟ ನೆಲದ ಮೇಲೆ ಸುರಿಯುತ್ತಿದ್ದೆ. ಬೂದಿಯ ಕೆಳಗಿನ ಮಣ್ಣು ಒಣಗಿಯೇ ಇರುವುದನ್ನು ಕಂಡು ಅವರು ನಂಬುತ್ತಿರಲಿಲ್ಲ.

ಆಮೇಲೆ ಬರುವ ಮೊದಲ ಜೋರು ಮಳೆಗೆ ಬೂದಿ, ಮಣ್ಣು, ಇದ್ದಿಲು, ಬಂಡೆ ಎಲ್ಲ ಸೇರಿ ಜಲಾಶಯಕ್ಕೆ ಇಳಿಯುತ್ತವೆ. ಅಮೆರಿಕದ ಡೆನ್ವರ್ ನಗರಕ್ಕೆ ನೀರು ಕೊಡುವ ಬೆಟ್ಟಗಳಲ್ಲಿ 1996ರ ಬಫಲೋ ಕ್ರೀಕ್ ಬೆಂಕಿಯೂ 2002ರಲ್ಲಿ ಸುಮಾರು 56 ಸಾವಿರ ಹೆಕ್ಟೇರ್ ಸುಟ್ಟ ಹೇಮನ್ ಬೆಂಕಿಯೂ ಸ್ಟ್ರಾಂಟಿಯಾ ಸ್ಪ್ರಿಂಗ್ಸ್ ಜಲಾಶಯಕ್ಕೆ ತಂದ ಹೂಳನ್ನು ತೆಗೆಯುವ ಕೆಲಸ ವರ್ಷಗಳ ಬಳಿಕವೂ ನಡೆಯುತ್ತಿತ್ತು. 2003ರ ಜನವರಿಯಲ್ಲಿ ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾಕ್ಕೆ ನೀರು ಕೊಡುವ ಕಾಟರ್ ಜಲಾನಯನ ಸುಟ್ಟುಹೋದಾಗ, ಅದುವರೆಗೆ ಬೆಟ್ಟದ ನೀರನ್ನು ಹೆಚ್ಚಿನ ಶುದ್ಧೀಕರಣವಿಲ್ಲದೆ ಬಳಸುತ್ತಿದ್ದ ನಗರ ಹೊಸ ಶುದ್ಧೀಕರಣ ಘಟಕವನ್ನು ಕಟ್ಟಬೇಕಾಯಿತು.

ಕಾಡು ಚಿಗುರುತ್ತದೆ, ನಿಮ್ಮ ಮಾತು ಸರಿ. ಆದರೆ ಕೆಲವು ಕಾಡುಗಳಲ್ಲಿ ಆ ಚಿಗುರೇ ನೀರಿನ ಲೆಕ್ಕವನ್ನು ಏರುಪೇರು ಮಾಡುತ್ತದೆ. ಮೆಲ್ಬರ್ನ್‌ನ ಬೆಟ್ಟಗಳಲ್ಲಿರುವ ಮೌಂಟನ್ ಆಶ್ ಎಂಬ ಮುಗಿಲೆತ್ತರದ ನೀಲಗಿರಿ ಜಾತಿಯ ಮರಗಳು ತೀವ್ರ ಬೆಂಕಿಗೆ ಸತ್ತು, ಬೀಜದಿಂದ ಒಟ್ಟೊಟ್ಟಾಗಿ ಮತ್ತೆ ಹುಟ್ಟುತ್ತವೆ. ಬೆಳೆಯುವ ಎಳೆಮರಗಳು ಮುದಿಮರಗಳಿಗಿಂತ ಹೆಚ್ಚು ನೀರು ಹೀರುವುದರಿಂದ ಬೆಂಕಿಯಾದ ಎರಡು ಮೂರು ದಶಕಗಳ ಹೊತ್ತಿಗೆ ತೊರೆಗಳ ಹರಿವು ಅರ್ಧದಷ್ಟು ಕುಗ್ಗಬಹುದೆಂದು ಅಲ್ಲಿನ ಜಲವಿಜ್ಞಾನಿಗಳು ಕಂಡುಕೊಂಡಿದ್ದಾರೆ. 2009ರ ಫೆಬ್ರವರಿಯ ಬೆಂಕಿಗಳು ಆ ನಗರದ ಜಲಾನಯನದ ಸುಮಾರು ಶೇ 30ರಷ್ಟನ್ನು ಸುಟ್ಟವು.

ಹೀಗಾಗಿ ಬೇಸಿಗೆ ನಮಗೆ ನಿದ್ದೆಯಿಲ್ಲದ ಕಾಲ. ಬೆಂಕಿರೇಖೆಗಳ ಹುಲ್ಲು ಕೆರೆಯುವುದು, ಕಾವಲು ಗೋಪುರದಲ್ಲಿ ಕೂರುವುದು, ಪಂಪ್‌ಗಳನ್ನು ದಿನವೂ ಚಾಲೂ ಮಾಡಿ ನೋಡುವುದು. ಸಿಡಿಲಿನ ಬೆಂಕಿಯನ್ನು ಯಾವ ಗೇಟೂ ತಡೆಯದು. ಬುಲ್ ರನ್‌ನಲ್ಲಿ 2023ರ ಆಗಸ್ಟ್‌ನಲ್ಲಿ ಹೊತ್ತಿದ ಬೆಂಕಿಗೆ ಸಿಡಿಲೇ ಕಾರಣ. ಮನುಷ್ಯರಿಂದ ಹೊತ್ತುವ ಬೆಂಕಿಯನ್ನಾದರೂ ತಡೆಯಬಹುದು ಎಂದು ಚಾರಣಿಗರ ಒಲೆಗಳ ಹಿಂದೆ ತಿರುಗುತ್ತೇವೆ. ಬೂದಿಯ ಹತ್ತಿರ ಬರಿಗೈಯ ಹಿಂಬದಿಯನ್ನು ಹಿಡಿದು ಬಿಸಿ ತಾಗುತ್ತದೆಯೇ ಎಂದು ನೋಡದೆ ಒಲೆ ಆರಿದೆಯೆಂದು ನಾವು ಬರೆಯುವುದಿಲ್ಲ.

ಪ್ರಶ್ನೆ: ತಪ್ಪು ಮಾಡಿದವರು ಜಗಳಕ್ಕೆ ನಿಂತರೆ? ನಿಮ್ಮ ಮೇಲೆ ಹಲ್ಲೆ ನಡೆದಿದೆಯೇ?
— ಗೃಹಿಣಿ

ಉತ್ತರ: ಒಮ್ಮೆ ಕಲ್ಲು ಬಿದ್ದದ್ದುಂಟು, ಗಾಯ ದೊಡ್ಡದಲ್ಲ. ಹತ್ತರಲ್ಲಿ ಒಂಬತ್ತು ಮಂದಿಗೆ ತಾವು ನಿಂತ ತೊರೆ ತಮ್ಮದೇ ಮನೆಯ ನಲ್ಲಿಗೆ ಹೋಗುತ್ತದೆಂದು ಗೊತ್ತೇ ಇರುವುದಿಲ್ಲ. ಹೇಳಿದಾಗ ನಾಚಿ ಎದ್ದು ಬರುತ್ತಾರೆ. ಉಳಿದವರೊಡನೆ ವಾದಕ್ಕಿಳಿಯದೆ ದೂರ ನಿಂತು, ವೈರ್‌ಲೆಸ್‌ನಲ್ಲಿ ಸುದ್ದಿ ಕೊಟ್ಟು, ವಾಹನದ ಸಂಖ್ಯೆ ಬರೆದುಕೊಳ್ಳುವುದು ಕ್ರಮ. ಒಂಟಿಯಾಗಿ ಗಸ್ತಿನಲ್ಲಿರುವಾಗ ಶೌರ್ಯ ತೋರಿಸುವುದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಪ್ರಶ್ನೆ: ನಾನು ವಿಜ್ಞಾನ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಈ ಕೆಲಸಕ್ಕೆ ಏನು ಓದಬೇಕು, ಹೇಗೆ ಸಿದ್ಧಳಾಗಬೇಕು? ಮನೆಯಲ್ಲಿ ಹುಡುಗಿಗೆ ಇದು ಹೊಂದುವುದಿಲ್ಲ ಎನ್ನುತ್ತಾರೆ.
— ವಿದ್ಯಾರ್ಥಿನಿ

ಉತ್ತರ: ಮನೆಯವರ ಮಾತಿಗೆ ಮೊದಲು ಉತ್ತರಿಸುತ್ತೇನೆ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ತೊರೆಯ ಬಣ್ಣದ ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಗುರುತಿಸುತ್ತಿದ್ದವರು ಒಬ್ಬ ಮಹಿಳಾ ರೇಂಜರ್, ದಂಡೆಯಲ್ಲಿ ಕುಡಿದು ಗಲಾಟೆ ಮಾಡುವ ಗುಂಪನ್ನು ದನಿ ಏರಿಸದೆ ಎಬ್ಬಿಸಿ ಕಳುಹಿಸುತ್ತಿದ್ದವರೂ ಅವರೇ. ಇದನ್ನು ಮನೆಯಲ್ಲಿ ಓದಿ ಹೇಳಿ.

ಓದಿನ ವಿಷಯಕ್ಕೆ ಬಂದರೆ, ಅರಣ್ಯಶಾಸ್ತ್ರ, ಜಲವಿಜ್ಞಾನ, ಭೂವಿಜ್ಞಾನ, ಸೂಕ್ಷ್ಮಜೀವಿವಿಜ್ಞಾನ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಗಟ್ಟಿಯಾಗಿ, ಉಳಿದವುಗಳಲ್ಲಿ ಅಕ್ಷರಜ್ಞಾನವಿದ್ದರೆ ಸಾಕು. ಪ್ರಥಮ ಚಿಕಿತ್ಸೆಯ ತರಬೇತಿ, ಬೆಂಕಿ ಆರಿಸುವ ತರಬೇತಿ, ಕಾಗದದ ನಕ್ಷೆಯನ್ನು ದಿಕ್ಸೂಚಿಯ ಜೊತೆ ಓದುವ ಅಭ್ಯಾಸ ಬೇಕೇ ಬೇಕು. ಜಿಪಿಎಸ್ ಇದ್ದರೂ ಕಣಿವೆಯ ಆಳದಲ್ಲಿ ಅದು ಕೈಕೊಡುವ ದಿನ ಬಂದೇ ಬರುತ್ತದೆ. ಕಾನೂನಿನ ಭಾಷೆಯಲ್ಲಿ ಚುಟುಕಾಗಿ, ಗೊಂದಲವಿಲ್ಲದೆ ವರದಿ ಬರೆಯಲು ಈಗಿನಿಂದಲೇ ಕಲಿಯಿರಿ. ನಮ್ಮ ಎಷ್ಟೋ ಪ್ರಕರಣಗಳು ನ್ಯಾಯಾಲಯದಲ್ಲಿ ಬಿದ್ದುಹೋದದ್ದು ಸಾಕ್ಷಿಯಿಲ್ಲದೆ ಅಲ್ಲ, ದಿನಚರಿಯಲ್ಲಿ ಹೊತ್ತು ಬರೆಯದೆ.

ಅರ್ಜಿ ಹಾಕುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಊರಿನ ನೀರು ಎಲ್ಲಿಂದ ಬರುತ್ತದೆಂದು ವಿಚಾರಿಸಿ, ಪ್ರವೇಶಕ್ಕೆ ಅನುಮತಿಯಿರುವ ಯಾವುದಾದರೂ ತೊರೆಯನ್ನು ಆರಿಸಿಕೊಂಡು, ಬಿಸಿಲಿನ ದಿನ ಒಮ್ಮೆ, ಮಳೆ ನಿಂತ ಮರುದಿನ ಒಮ್ಮೆ ದಂಡೆಯ ಗುಂಟ ನಡೆದು ಬನ್ನಿ. ಎರಡೂ ದಿನ ಒಂದೇ ಜಾಗದಿಂದ ಗಾಜಿನ ಬಾಟಲಿಯಲ್ಲಿ ನೀರು ತುಂಬಿಕೊಂಡು, ತಾರೀಖು ಮತ್ತು ಹೊತ್ತು ಬರೆದ ಚೀಟಿ ಅಂಟಿಸಿ, ಕಿಟಕಿಯ ಮೇಲೆ ಪಕ್ಕಪಕ್ಕ ಇಡಿ. ಎರಡನೆಯ ಬಾಟಲಿಯ ತಳದಲ್ಲಿ ಕೂರುವ ಮಣ್ಣು ಎಲ್ಲಿಂದ ಬಂತೆಂದು ಹುಡುಕಿಕೊಂಡು ಮೂರನೆಯ ಬಾರಿ ಹೋಗಬೇಕೆನಿಸಿದರೆ ಅರ್ಜಿ ಹಾಕಿ.